ಐದನೇ ಬಿಲ್ಲೆ

ಹುಟ್ಟಿದ್ದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ, ಸೇರಿದ ಮನೆ ನ್ಯಾಮತಿಯಲ್ಲಿ, ಗಂಡನ ಅಂಗಡಿ ಹೊನ್ನಾಳಿಯಲ್ಲಿ, ನನ್ನ ಕೆಲಸ ಚನ್ನಗಿರಿಯಲ್ಲಿ. "ನಿನ್ನ ಜೀವನ ಬಸ್ಸಿನ ಬೋರ್ಡಿನ ಹಂಗೆ ಐತೆ" ಎಂದು ನಮ್ಮವರು ರೇಗಿಸುತ್ತಾರೆ. ಅವರದು ಮೋಟಾರು ಸುತ್ತುವ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿನ ಹಳೇ ತಂತಿ ಬಿಚ್ಚಿ ಹೊಸ ತಂತಿ ಸುತ್ತಿ ಕೊಡುತ್ತಾರೆ. ನಾನು ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಇಬ್ಬರ ಹೊಟ್ಟೆಪಾಡೂ ಕರೆಂಟು ಮತ್ತು ಅಯಸ್ಕಾಂತದ್ದೇ. ಅವರ ಕೆಲಸ ಸಂಜೆಗೆ ಮುಗಿಯುತ್ತದೆ, ನನ್ನದು ಮುಗಿಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಪಾಠದ ಜೊತೆಗೆ ಪಿಎಚ್‌ಡಿ ಕಟ್ಟಿಕೊಂಡಿದ್ದೇ ಇದಕ್ಕೆ ಕಾರಣ. ಮದುವೆಯಾಗಿ, ಮಗಳು ಹೈಸ್ಕೂಲು ಸೇರಿದ ಮೇಲೆ ನೋಂದಾಯಿಸಿಕೊಂಡವಳು ನಾನು. "ಈ ವಯಸ್ಸಿನಲ್ಲಿ ಯಾಕೆ ಮೇಡಂ ತಲೆನೋವು" ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಕೇಳಿದ್ದರು. ಅವತ್ತೇ ತೀರ್ಮಾನವಾಗಿಹೋಯಿತು, ಬಿಡುವುದಿಲ್ಲ ಎಂದು. ನನ್ನನ್ನು ಕೆಲಸದಿಂದ ಹಿಂದೆ ಸರಿಸಬೇಕೆಂದಿದ್ದರೆ "ಮಾಡಮ್ಮ, ಮಾಡು" ಎಂದು ಸುಮ್ಮನಿರಬೇಕು. ಬೇಡ ಎಂದರೆ ನಾನು ಮಾಡಿಯೇ ತೀರುವವಳು.

ವಿಷಯ ಆರಿಸಿಕೊಂಡದ್ದು ಫೆರೈಟ್. ಹೆಸರು ಕೇಳಿ ಹೆದರುವಂಥದ್ದೇನಲ್ಲ. ಹಳೇ ರೇಡಿಯೋ ಸ್ಪೀಕರಿನ ಹಿಂದೆ ಅಂಟಿರುತ್ತದಲ್ಲ, ಕರಿ ಬಳೆಯಂಥ ಅಯಸ್ಕಾಂತ, ಅದು ಫೆರೈಟೇ. ಸೊಕ್ಕೆಯಲ್ಲಿ ಚಿಕ್ಕಂದಿನಲ್ಲಿ ಅಂಥದೊಂದಕ್ಕೆ ದಾರ ಕಟ್ಟಿ ಹಳ್ಳದ ಮರಳಿನಲ್ಲಿ ಎಳೆದುಕೊಂಡು ಓಡುತ್ತಿದ್ದೆವು. ಕರಿ ಮರಳಿನ ಕಣಗಳು ಮೀಸೆ ಬಂದ ಹಾಗೆ ಅದಕ್ಕೆ ಹತ್ತಿಕೊಳ್ಳುತ್ತಿದ್ದವು. ಬಿಳಿ ಮರಳು ಯಾಕೆ ಹತ್ತುವುದಿಲ್ಲ ಎಂದು ಅಪ್ಪನನ್ನು ಕೇಳಿದರೆ, "ಅದಕ್ಕೆ ಮನಸ್ಸಿಲ್ಲ" ಎಂದಿದ್ದರು. ಆ ಉತ್ತರ ನನಗೆ ಒಪ್ಪಿಗೆಯಾಗಿರಲಿಲ್ಲ. ಈಗ ಮಾಡುತ್ತಿರುವುದೂ ಅದೇ ಪ್ರಶ್ನೆ, ಸ್ವಲ್ಪ ದೊಡ್ಡ ಮಾತುಗಳಲ್ಲಿ.

ಕೋಬಾಲ್ಟ್, ಸತು, ಕಬ್ಬಿಣ ಈ ಮೂರರ ಲವಣಗಳನ್ನು ನೀರಿನಲ್ಲಿ ಕರಗಿಸಿ, ಉರಿಯಲು ಯೂರಿಯಾ ಸೇರಿಸಿ, ಬಿಸಿ ಮಾಡಬೇಕು. ಮೊದಲು ಕುದಿಯುತ್ತದೆ. ಆಮೇಲೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗುತ್ತದೆ. ಇನ್ನೇನು ಸೀದುಹೋಯಿತು ಅನ್ನುವಾಗ ಒಳಗಿನಿಂದ ಕಿಡಿ ಹೊತ್ತಿ, ಬಟ್ಟಲು ತುಂಬ ಉಬ್ಬಿ, ಮುಟ್ಟಿದರೆ ಉದುರುವ ಕರಿ ಪುಡಿ ಉಳಿಯುತ್ತದೆ. ಅದರ ಒಂದೊಂದು ಕಣವೂ ತಲೆಗೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಸಿಗುವ ಒಂದು ಪಾಲಿನಷ್ಟು. ಕೋಬಾಲ್ಟನ್ನು ಸ್ವಲ್ಪ ಸ್ವಲ್ಪವೇ ತೆಗೆದು ಆ ಜಾಗಕ್ಕೆ ಸತು ಕೂಡಿಸುತ್ತ ಹೋದರೆ ಈ ಪುಡಿಯ ಅಯಸ್ಕಾಂತದ ಗುಣ ಏನಾಗುತ್ತದೆ, ವಿದ್ಯುತ್ತಿನ ಗುಣ ಏನಾಗುತ್ತದೆ? ಇದಿಷ್ಟೇ ನನ್ನ ಸಂಶೋಧನೆ. ಐದು ಮಾದರಿ ಮಾಡಿದ್ದೆ. ಮೊದಲನೆಯದರಲ್ಲಿ ಸತು ಇಲ್ಲ, ಐದನೆಯದರಲ್ಲಿ ಎಲ್ಲಕ್ಕಿಂತ ಹೆಚ್ಚು.

ಅಯಸ್ಕಾಂತದ ಭಾಗ ಸುಸೂತ್ರವಾಗಿ ಮುಗಿಯಿತು. ಸತು ಸ್ವತಃ ಅಯಸ್ಕಾಂತದ ಜಾತಿಯದಲ್ಲ. ಆದರೂ ಸ್ವಲ್ಪ ಸೇರಿಸಿದರೆ ಫೆರೈಟಿನ ಶಕ್ತಿ ಏರುತ್ತದೆ, ಜಾಸ್ತಿ ಸೇರಿಸಿದರೆ ಇಳಿಯುತ್ತದೆ. ಫೆರೈಟಿನ ಒಳಗೆ ಒಂದಕ್ಕೊಂದು ಎದುರು ಎಳೆಯುವ ಪರಮಾಣುಗಳ ಎರಡು ಗುಂಪುಗಳಿರುತ್ತವೆ. ಸತು ಹೋಗಿ ಚಿಕ್ಕ ಗುಂಪಿನಲ್ಲಿ ಕುಳಿತು ಅದರ ಬಾಯಿ ಮುಚ್ಚಿಸುತ್ತದೆ, ದೊಡ್ಡ ಗುಂಪಿನ ಮಾತು ಜೋರಾಗಿ ಕೇಳುತ್ತದೆ. ನಮ್ಮ ಸ್ಟಾಫ್ ಮೀಟಿಂಗಿನಲ್ಲಿ ದಿನಾ ನೋಡುವುದೇ. ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದ ಪುಡಿಗಳ ಫಲಿತಾಂಶ ನಾನು ಎಣಿಸಿದಂತೆಯೇ ಬಂತು. ಐದನೆಯದು ಎಲ್ಲಕ್ಕಿಂತ ದುರ್ಬಲ.

ಉಳಿದದ್ದು ವಿದ್ಯುತ್ತಿನ ಭಾಗ. ಅದಕ್ಕೆ ಪುಡಿಯನ್ನು ಅಚ್ಚಿಗೆ ಹಾಕಿ, ಒತ್ತಿ, ಗುಂಡನೆಯ ಬಿಲ್ಲೆ ಮಾಡಬೇಕು. ಕುಲುಮೆಯಲ್ಲಿ ಕಾಯಿಸಿದ ಮೇಲೆ ಎರಡೂ ಮುಖಕ್ಕೆ ಬೆಳ್ಳಿಯ ಪೇಸ್ಟ್ ಬಳಿಯಬೇಕು, ಕರೆಂಟು ಹತ್ತುವುದಕ್ಕೆ. ಅದನ್ನು ಮೀಟರಿನ ಎರಡು ಹಲ್ಲುಗಳ ನಡುವೆ ಸಿಕ್ಕಿಸಿದರೆ, ಆ ಬಿಲ್ಲೆ ಎಷ್ಟು ವಿದ್ಯುತ್ತನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳಬಲ್ಲದು ಎಂದು ತೋರಿಸುತ್ತದೆ. ಮೀಟರು ನನ್ನ ಮಾರ್ಗದರ್ಶಕರದ್ದು. ದಾವಣಗೆರೆಯಲ್ಲಿರುವ ಅವರು ಹೊಸದು ತರಿಸಿಕೊಂಡಾಗ ಹಳೆಯದನ್ನು ನನಗೆ ಕೊಟ್ಟಿದ್ದರು. ನಮ್ಮ ಕಾಲೇಜಿನ ಪ್ರಯೋಗಾಲಯದ ಮೂಲೆಯಲ್ಲಿ ಅದಕ್ಕೊಂದು ಮೇಜು ದಕ್ಕಿಸಿಕೊಂಡಿದ್ದೆ.

ಮೊದಲ ಸಲದ ಐದು ಬಿಲ್ಲೆಗಳಿಗೆ ಬೆಳ್ಳಿ ಬಳಿದದ್ದು ನ್ಯಾಮತಿಯ ಮನೆಯಲ್ಲಿ, ಒಂದು ಭಾನುವಾರ ಸಂಜೆ. ಕಾಲೇಜಿನಲ್ಲಿ ಆ ವಾರ ಪರೀಕ್ಷೆಯ ಗಲಾಟೆ, ಪುರುಸೊತ್ತಿರಲಿಲ್ಲ. ಅಡುಗೆಮನೆ ಕಟ್ಟೆಯ ಮೇಲೆ ಪೇಪರು ಹಾಸಿ, ಉಸಿರು ಬಿಗಿಹಿಡಿದು ಸಣ್ಣ ಕುಂಚದಲ್ಲಿ ಬಳಿಯುತ್ತಿದ್ದೆ. ನಮ್ಮತ್ತೆ ಸೊಪ್ಪು ಬಿಡಿಸುತ್ತ ಪಕ್ಕದಲ್ಲಿ ಕುಳಿತಿದ್ದರು.

"ಏನವ್ವಾ ಅದು, ಬೆಳ್ಳಿನಾ?"

"ಹೌದತ್ತೆ, ಬೆಳ್ಳಿದೇ ಪೇಸ್ಟು."

"ಕರಿ ಬಿಲ್ಲೆಗೆ ಬೆಳ್ಳಿ ಹಚ್ತಾರಾ? ಸಾಲಿಗ್ರಾಮದಂಗೆ ಕಾಣ್ತಾವೆ."

ನಮ್ಮತ್ತೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಓದಿಗೆ ಈ ಮನೆಯಲ್ಲಿ ಮೊದಲು ಹೂಂ ಅಂದವರು ಅವರೇ. ತಾವು ಶಾಲೆ ನೋಡಿದ್ದು ಕಡಿಮೆ. ನಾನು ಬೆಳಿಗ್ಗೆ ಬಸ್ಸು ಹಿಡಿಯಬೇಕೆಂದು ರೊಟ್ಟಿ ತಟ್ಟುವುದನ್ನು ಪೂರ್ತಿ ತಮ್ಮ ಕೈಗೇ ತೆಗೆದುಕೊಂಡಿದ್ದರು. ಅದಕ್ಕೆ ಪ್ರತಿಯಾಗಿ ಅವರಿಗೊಂದು ಸಲಿಗೆ ಇತ್ತು. ಮನೆಯಿಂದ ಹೊರಗೆ ಹೋಗುವ ಯಾವುದನ್ನೂ ಅವರು ದೇವರ ತೀರ್ಥ ಹಾಕದೆ ಬಿಡುವುದಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಕದಡಿದ ನೀರನ್ನು ಪತ್ರೆಯ ಎಸಳಿನಲ್ಲಿ ಅದ್ದಿ ಮಗಳ ಶಾಲೆ ಚೀಲಕ್ಕೆ, ತಮ್ಮ ಮಗನ ಗಾಡಿಗೆ, ನನ್ನ ಬುತ್ತಿ ಡಬ್ಬಿಗೆ ಚಿಮುಕಿಸುತ್ತಾರೆ. ಡಬ್ಬಿಯ ಮುಚ್ಚಳದ ಮೇಲಿನ ಹನಿಗಳನ್ನು ನಾನು ದಿನಾ ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕುತ್ತಿದ್ದೆ. ಉತ್ತರಪತ್ರಿಕೆಗಳು ಒದ್ದೆಯಾದರೆ ಯಾರು ಉತ್ತರ ಹೇಳುವುದು?

ಆ ಸಂಜೆ ನಾಲ್ಕು ಬಿಲ್ಲೆಗಳು ಒಣಗಿದವು, ಡಬ್ಬಿಯಲ್ಲಿಟ್ಟು ಮುಚ್ಚಿದೆ. ಕೊನೆಗೆ ಬಳಿದ ಐದನೆಯದು ಇನ್ನೂ ಹಸಿಯಾಗಿತ್ತು. ಅದನ್ನು ಒಂದು ಪುಟ್ಟ ತಟ್ಟೆಯಲ್ಲಿ ತೆರೆದೇ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಡಬ್ಬಿ, ತಟ್ಟೆ ಎರಡೂ ಕಟ್ಟೆಯ ಮೇಲಿಲ್ಲ. ಎಲ್ಲಿ ಹೋದವು ಎಂದು ಕೂಗಿದೆ.

"ಬೆಳ್ಳಿ ಹಚ್ಚಿದ್ದನ್ನ ಒಗ್ಗರಣೆ ಸಿಡಿಯೋ ಜಾಗದಾಗೆ ಇಡ್ತಾರೇನು? ದೇವರ ಮುಂದೆ ಇಟ್ಟೀನಿ, ತಗೋ ಹೋಗು" ಎಂದರು ಅತ್ತೆ. ದೇವರ ಜಗುಲಿಯ ಮೇಲೆ ಊದುಬತ್ತಿಯ ಪಕ್ಕ ಡಬ್ಬಿಯೂ ತಟ್ಟೆಯೂ ಇದ್ದವು. ಬಸ್ಸಿಗೆ ಹೊತ್ತಾಗಿತ್ತು. ಗೊಣಗುತ್ತ ಐದನೆಯದನ್ನೂ ಡಬ್ಬಿಗೆ ಹಾಕಿ ಓಡಿದೆ.

ಚನ್ನಗಿರಿಯಲ್ಲಿ ಬೆಳಗಿನ ಪಾಠ ಮುಗಿಸಿ ಬಿಲ್ಲೆಗಳನ್ನು ಅಳೆದೆ. ನಾಲ್ಕು ಬಿಲ್ಲೆಗಳು ಶಿಸ್ತಿನ ಹುಡುಗಿಯರ ಹಾಗೆ ಸ್ವಲ್ಪ ಸ್ವಲ್ಪ ಇಳಿಯುತ್ತ ಒಂದರ ಹಿಂದೆ ಒಂದು ಬಂದವು. ಐದನೆಯದು ಮಾತ್ರ ಹಾರಿಹೋಯಿತು. ನಾಲ್ಕನೆಯದಕ್ಕಿಂತ ಎಷ್ಟೋ ಪಟ್ಟು ಮೇಲೆ. ಸಿಕ್ಕಿಸಿದ್ದು ಸಡಿಲವಾಗಿರಬಹುದೆಂದು ತೆಗೆದು ಮತ್ತೆ ಸಿಕ್ಕಿಸಿದೆ. ಆಗಲೂ ಅಷ್ಟೇ. ಎಲ್ಲಕ್ಕಿಂತ ದುರ್ಬಲ ಅಯಸ್ಕಾಂತ, ವಿದ್ಯುತ್ತು ಹಿಡಿದಿಡುವುದರಲ್ಲಿ ಎಲ್ಲರಿಗಿಂತ ಜೋರು! ತಕ್ಷಣ ನನ್ನ ಮಾರ್ಗದರ್ಶಕರಾದ ಸರ್‌ಗೆ ಫೋನು ಮಾಡಿದೆ. "ಇದು ಸುದ್ದಿ ಮೇಡಂ" ಎಂದರು ಅವರು. ಅವರ ದನಿಯಲ್ಲಿ ಅಷ್ಟು ಖುಷಿ ನಾನು ಕೇಳಿದ್ದೇ ಇಲ್ಲ. ಸ್ವಲ್ಪ ದಿನದಲ್ಲೇ ಇಬ್ಬರೂ ಸೇರಿ ಪ್ರಬಂಧ ಬರೆದು ಒಂದು ಪತ್ರಿಕೆಗೆ ಕಳಿಸಿದೆವು. ನನ್ನ ಪಿಎಚ್‌ಡಿಗೆ ಸಿಕ್ಕಿದ್ದು ಕೊನೆಯ ವಿಸ್ತರಣೆ. ಈ ಪ್ರಬಂಧ ಅಚ್ಚಾದರೆ ಮಹಾಪ್ರಬಂಧ ಸಲ್ಲಿಸಬಹುದು. ಆಗದಿದ್ದರೆ ಅವಧಿ ಮುಗಿದು ನೋಂದಣಿಯೇ ರದ್ದು.

ಮನೆಯಲ್ಲಿ ಹೇಳಿದಾಗ ಅತ್ತೆಯ ಮುಖ ನೋಡಬೇಕಿತ್ತು. "ದೇವರ ಮುಂದೆ ಒಂದು ರಾತ್ರಿ ಇತ್ತಲ್ಲವ್ವಾ" ಎಂದರು. ಓಣಿಯವರಿಗೆಲ್ಲ ಗೊತ್ತಾಯಿತು, ನ್ಯಾಮತಿಯ ಸೊಸೆಯ ಕರಿ ಬಿಲ್ಲೆಗೆ ದೇವರು ಒಲಿದ ಎಂದು. ನಾನೂ ನಕ್ಕು ಸುಮ್ಮನಾದೆ. ಗೆದ್ದವರು ಯಾರು ಕಾರಣ ಎಂದು ಜಗಳ ಕಾಯುವುದಿಲ್ಲ.

ಪತ್ರಿಕೆಯವರಿಂದ ಉತ್ತರ ಬಂತು. ವಿಷಯ ಚೆನ್ನಾಗಿದೆ, ಆದರೆ ಐದನೆಯ ಮಾದರಿಯ ಹೊಸ ಬಿಲ್ಲೆಗಳನ್ನು ಮಾಡಿ ಮತ್ತೆ ಅಳೆದು ತೋರಿಸಿ ಎಂದಿದ್ದರು. ಅದರಲ್ಲೇನು ಕಷ್ಟ ಎಂದುಕೊಂಡೆ. ಅದೇ ಪುಡಿ, ಅದೇ ಅಚ್ಚು, ಅದೇ ಒತ್ತಡ, ಅದೇ ಕುಲುಮೆ. ಈ ಸಲ ಪುರುಸೊತ್ತಿತ್ತು, ಬೆಳ್ಳಿಯನ್ನೂ ಕಾಲೇಜಿನಲ್ಲೇ ಬಳಿದೆ. ಅಳೆದರೆ ಐದನೆಯದು ತಣ್ಣಗೆ ನಾಲ್ಕನೆಯದರ ಹಿಂದೆ ಬಂದು ನಿಂತಿತು.

ಮತ್ತೆ ಮಾಡಿದೆ. ಮತ್ತೆ ಅಷ್ಟೇ. ಹಳೆಯ ಐದನೇ ಬಿಲ್ಲೆಯನ್ನೇ ತೆಗೆದು ಅಳೆದೆ. ಅದೂ ಕೆಳಗೆ! ಮೊದಲು ಹಾರಿದ್ದು ಇದೇನಾ ಎಂದು ಅನುಮಾನ ಬರುವಷ್ಟು ಸಾಧುವಾಗಿತ್ತು. ಲವಣದಿಂದ ಶುರುಮಾಡಿ ಹೊಸ ಪುಡಿಯನ್ನೇ ಸುಟ್ಟೆ. ಹೊಗೆಗೆ ಕಿಟಕಿ ತೆರೆದಿದ್ದಕ್ಕೆ ಪಕ್ಕದ ತರಗತಿಯಿಂದ ದೂರು ಬಂತು. "ಇನ್ನೂ ಬರುತ್ತೆ, ಮೂಗು ಮುಚ್ಕೊಳ್ರಿ" ಎಂದೆ. ನಮ್ಮವರು ಅಂಗಡಿಗೆ ಬೀಗ ಹಾಕಿ ಹೊನ್ನಾಳಿಯಿಂದ ಬಂದು ನನ್ನ ಮೇಜಿನ ಅರ್ಥಿಂಗ್ ನೋಡಿದರು. ಸರಿ ಇರಲಿಲ್ಲ, ಸರಿ ಮಾಡಿಕೊಟ್ಟರು. ಅದರಿಂದ ಮೀಟರಿನ ಅಂಕಿಗಳ ಕುಣಿತ ನಿಂತಿತು, ಐದನೇ ಬಿಲ್ಲೆ ಮಾತ್ರ ಮೇಲೇಳಲಿಲ್ಲ.

ಸರ್ ಫೋನಿನಲ್ಲಿ ಸಮಾಧಾನವಾಗಿಯೇ ಹೇಳಿದರು. "ನೋಡ್ರಿ ಮೇಡಂ, ಎರಡೇ ದಾರಿ. ಐದನೆಯದನ್ನ ಬಿಟ್ಟುಬಿಡ್ರಿ. ಇಲ್ಲಾ ಮೊದಲನೇ ಅಳತೆನೇ ಇಟ್ಕೊಳ್ರಿ, ಬಿಲ್ಲೆ ಆಮೇಲೆ ಹಳತಾಯ್ತು ಅಂತ ಬರೆಯೋಣ. ಅದೇನು ಸುಳ್ಳಲ್ಲ, ನೀವೇ ಕಣ್ಣಾರೆ ನೋಡಿದ ಅಂಕಿ."

"ಯಾಕೆ ಬಂತು ಅಂತ ಗೊತ್ತಿಲ್ಲದ ಅಂಕಿನ ಹೆಂಗೆ ಸರ್ ಇಟ್ಕೊಳ್ಳೋದು?"

"ಅವಧಿ ಐತಾ ನಿಮಗೆ, ಗೊತ್ತು ಮಾಡ್ಕೊಳ್ಳಾಕೆ?"

ಇರಲಿಲ್ಲ. ಆದರೂ ಬಿಡಲು ಮನಸ್ಸು ಒಪ್ಪಲಿಲ್ಲ. ಐದನೆಯದನ್ನು ಬಿಟ್ಟರೆ ಸೋತು ಓಡಿದ ಹಾಗೆ, ಇಟ್ಟುಕೊಂಡರೆ ಕದ್ದ ಹಾಗೆ. ದಿನಾ ಬಸ್ಸಿನಲ್ಲಿ ಕುಳಿತು ಅದನ್ನೇ ತಿರುವಿಹಾಕುತ್ತಿದ್ದೆ. ಮೊದಲ ಸಲಕ್ಕೂ ಆಮೇಲಿನ ಸಲಗಳಿಗೂ ಬೇರೆಯಾದದ್ದು ಏನು? ಪುಡಿಯಲ್ಲ, ಅಚ್ಚಲ್ಲ, ಕುಲುಮೆಯಲ್ಲ. ಹಳೆಯ ಬಿಲ್ಲೆಯನ್ನು ಭೂತಗನ್ನಡಿಯಲ್ಲಿ ನೋಡಿದ್ದೆ. ಅಂಚಿನಲ್ಲಿ ಬೂದು ಬಣ್ಣದ ಒಂದು ಸಣ್ಣ ಉಂಗುರದ ಗುರುತಿತ್ತು. ಬೆಳ್ಳಿ ತಾಗಿರಬೇಕು ಎಂದು ಬಿಟ್ಟಿದ್ದೆ.

ಮಳೆ ಹಿಡಿದ ಒಂದು ಬೆಳಿಗ್ಗೆ ಬುತ್ತಿ ಡಬ್ಬಿ ಒರೆಸುವುದನ್ನು ಮರೆತು ಚೀಲಕ್ಕೆ ಹಾಕಿದ್ದೆ. ಮಧ್ಯಾಹ್ನ ಪ್ರಯೋಗಾಲಯದಲ್ಲಿ ಊಟಕ್ಕೆ ತೆಗೆದಾಗ ಮುಚ್ಚಳದ ಮೇಲಿನ ತೀರ್ಥದ ಹನಿಗಳು ಒಣಗಿ ಬೂದು ಬಣ್ಣದ ಉಂಗುರಗಳಾಗಿದ್ದವು. ವಿಭೂತಿ ನೀರು ಒಣಗಿದರೆ ಹಾಗೇ ಆಗುತ್ತದೆ, ನಡುವೆ ಖಾಲಿ, ಸುತ್ತ ಬೂದಿಯ ಗೆರೆ. ರೊಟ್ಟಿ ಕೈಯಲ್ಲೇ ಉಳಿಯಿತು. ಎದ್ದು ಹೋಗಿ ಭೂತಗನ್ನಡಿ ತಂದು ಬಿಲ್ಲೆಯನ್ನೂ ಮುಚ್ಚಳವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ, ಎರಡರ ಮೇಲೂ ಒಂದೇ ಗುರುತು.

ಊಟ ಅಲ್ಲಿಗೇ ಬಿಟ್ಟೆ. ಹಳೆಯ ಬಿಲ್ಲೆಯನ್ನು ಓವನ್ನಿನಲ್ಲಿ ಒಣಗಿಸಿ ಅಳೆದೆ, ಕೆಳಗಿತ್ತು. ಶುದ್ಧ ನೀರಿನ ಒಂದು ಹನಿ ಅಂಚಿಗೆ ಮುಟ್ಟಿಸಿ ಅಳೆದೆ. ಮೇಲೆ ಹೋಯಿತು. ಮೊದಲ ದಿನದಷ್ಟಲ್ಲ, ಆದರೆ ಹೋಗಿದ್ದಂತೂ ಹೋಯಿತು. ಬಿಲ್ಲೆ ನೋಡಲು ಕಲ್ಲಿನ ಹಾಗಿದ್ದರೂ ಒಳಗೆ ಸಣ್ಣ ಸಣ್ಣ ತೂತುಗಳಿರುತ್ತವೆ, ನೀರು ಕುಡಿಯುತ್ತದೆ. ಸೊಕ್ಕೆಯ ತವರಿನಲ್ಲಿ ಉಪ್ಪಿನ ಜಾಡಿಯಲ್ಲಿ ಉಪ್ಪು ವರ್ಷವಿಡೀ ಉದುರುದುರಾಗಿರುತ್ತದೆ, ನ್ಯಾಮತಿಯಲ್ಲಿ ಮಳೆಗಾಲ ಬಂದರೆ ನೀರಾಡುತ್ತದೆ. ಅದನ್ನು ನೋಡಿಕೊಂಡೇ ಇಷ್ಟು ವರ್ಷ ಅಡುಗೆ ಮಾಡಿದವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ನನ್ನ ದೊಡ್ಡ ಸುದ್ದಿ ಬರೀ ನೀರಾಗಿತ್ತು.

ಸಿಟ್ಟನ್ನು ಹಾಗೇ ಕಟ್ಟಿಕೊಂಡು ಮನೆಗೆ ಬಂದೆ. ಅತ್ತೆ ಬಾಗಿಲಲ್ಲೇ ಇದ್ದರು.

"ಅತ್ತೆ, ಆವತ್ತು ಆ ಕರಿ ಬಿಲ್ಲೆಗೂ ತೀರ್ಥ ಹಾಕಿದ್ರಾ?"

"ಹಾಕಿದ್ನಲ್ಲ. ಹೊರಗೆ ಹೋಗೋದಕ್ಕೆಲ್ಲಾ ಹಾಕ್ತೀನಿ. ಡಬ್ಬಿ ಮುಚ್ಚಿತ್ತು, ಅದೊಂದೇ ತಟ್ಟೆಯಾಗೆ ತೆರೆದಿತ್ತು. ನಾಲ್ಕು ಹನಿ ಬಿದ್ದಿರಬೇಕು."

"ಯಾಕೆ ಹಾಕಿದ್ರಿ? ನನ್ನ ಕೆಲಸದ ಸಾಮಾನು ಯಾಕೆ ಮುಟ್ಟಿದ್ರಿ? ಇಷ್ಟು ದಿನ ನಾನು ಸತ್ತಿದ್ದು ಸಾಲದಾ?"

ಅವರು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕುಳಿತರು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನನಗೂ ಅನ್ನಿಸಿತು. ಅತ್ತೆಯ ಮುಂದೆ ತಪ್ಪಾಯಿತು ಎನ್ನುವ ಅಭ್ಯಾಸ ಇರಲಿಲ್ಲ, ನಾಲಿಗೆ ಏಳಲಿಲ್ಲ.

ಮರುದಿನ ಹೊನ್ನಾಳಿಯ ಸೇತುವೆ ದಾಟುವವರೆಗೂ ಉರಿಯುತ್ತಲೇ ಇದ್ದೆ. ಹೊಳೆ ತುಂಬಿತ್ತು. ಅಷ್ಟು ನೀರು ನೋಡುತ್ತಿದ್ದ ಹಾಗೆ, ನನ್ನನ್ನು ಕೆಡವಿದ್ದು ನಾಲ್ಕು ಹನಿ ಎಂದು ನೆನಪಾಗಿ ನಗು ಬಂತು. ಪಕ್ಕದವರು ತಿರುಗಿ ನೋಡಿದರು. ನಕ್ಕ ಮೇಲೆ ಭಯ ಹತ್ತಿತು. ಇನ್ನು ಸರ್‌ಗೆ ಹೇಳಬೇಕು.

ಹೇಳಿದೆ. "ಇದನ್ನ ಯಾರ್‍ಯಾರಿಗೆ ಹೇಳಿದ್ರಿ ಮೇಡಂ?" ಎಂದು ಕೇಳಿದರು.

"ನಿಮಗೇ ಮೊದಲು ಸರ್."

"ಪೇಪರ್ ವಾಪಸ್ ತಗೊಂಡ್ರೆ ನಿಮ್ಮ ಕೈಯಾಗೆ ಏನೂ ಉಳಿಯಲ್ಲ. ಅವಧಿನೂ ಇಲ್ಲ. ಯೋಚನೆ ಮಾಡಿದ್ದೀರಾ?"

"ಮಾಡಿದ್ದೀನಿ ಸರ್. ವಾಪಸ್ ತಗೊಳ್ಳೋಣ. ಆದ್ರೆ ಕೈಯಾಗೆ ಏನೂ ಇಲ್ಲ ಅನ್ನಬೇಡ್ರಿ. ಐದನೆಯದು ನೀರು ಹಿಡಿದ ಹಂಗೆ ಉಳಿದ ನಾಲ್ಕು ಹಿಡಿತಾವಾ ಅಂತ ನೋಡ್ತೀನಿ. ಒಣಗಿಸಿ ಒಂದು ಸಲ, ತೇವ ಮಾಡಿ ಒಂದು ಸಲ, ಮತ್ತೆ ಒಣಗಿಸಿ ಒಂದು ಸಲ. ಸತು ಜಾಸ್ತಿಯಾದ್ರೆ ನೀರಿನ ದಾಹ ಜಾಸ್ತಿ ಆಗುತ್ತೆ ಅಂತಾದ್ರೆ ಅದೂ ಒಂದು ಅಧ್ಯಾಯವೇ ಅಲ್ವಾ?"

"ಮೊದಲ ದಿನದ ಅಂಕಿ ನೀರಿಂದಲೇ ಬಂತು ಅಂತ ನನ್ನ ಕಣ್ಣ ಮುಂದೆ ತೋರಿಸ್ರಿ. ಆಮೇಲೆ ಮಾತಾಡೋಣ. ನಾನೇ ಬರ್ತೀನಿ" ಎಂದು ಫೋನಿಟ್ಟರು.

ಆ ದಿನಗಳಲ್ಲಿ ನಾನು ಕೆಲಸ ಮಾಡಿದಷ್ಟು ಯಾವತ್ತೂ ಮಾಡಿಲ್ಲ. ಪಾಠ, ಬಿಲ್ಲೆ, ಓವನ್ನು, ಮೀಟರು, ಬಸ್ಸು. ನಾಲ್ಕೂ ಬಿಲ್ಲೆಗಳು ನೀರು ಕುಡಿದವು, ಆದರೆ ಐದನೆಯದರಷ್ಟಲ್ಲ. ಸತು ಏರಿದಂತೆ ದಾಹವೂ ಏರುತ್ತಿತ್ತು. ಒಂದು ತೊಡಕು ಮಾತ್ರ ಉಳಿಯಿತು. ಶುದ್ಧ ನೀರಿಗೆ ಐದನೆಯದು ಮೊದಲ ದಿನದಷ್ಟು ಎತ್ತರ ಹಾರುತ್ತಿರಲಿಲ್ಲ. ವಿಭೂತಿಯ ಬೂದಿಯಲ್ಲಿ ಲವಣಗಳಿರುತ್ತವೆ, ಅವು ಕರಗಿದ ನೀರು ಬೇರೆಯೇ. ಮೊದಲ ದಿನದ ಅಂಕಿ ಮತ್ತೆ ಬರಬೇಕಾದರೆ ಅದೇ ತೀರ್ಥ ಬೇಕಿತ್ತು.

ಇತ್ತ ಮನೆಯಲ್ಲಿ ಬುತ್ತಿ ಡಬ್ಬಿಯ ಮುಚ್ಚಳ ಒಣಗಿಯೇ ಇರುತ್ತಿತ್ತು. ಮೊದಲ ದಿನ ಒರೆಸಲು ಸೆರಗು ಎತ್ತಿ ಹಾಗೇ ಬಿಟ್ಟೆ. ರೊಟ್ಟಿ ಪಲ್ಯ ಎಂದಿನಂತೆಯೇ ಇರುತ್ತಿದ್ದವು, ಅತ್ತೆ ಅದರಲ್ಲಿ ಸಿಟ್ಟು ತೋರಿಸಿದವರಲ್ಲ. ಮಗಳ ಚೀಲಕ್ಕೂ, ನಮ್ಮವರ ಗಾಡಿಗೂ ತೀರ್ಥ ಬೀಳುತ್ತಿತ್ತು. ನನ್ನದಕ್ಕೆ ಮಾತ್ರ ಇಲ್ಲ. ಓಣಿಯ ಹೆಂಗಸೊಬ್ಬರು "ನಿಮ್ಮ ಸೊಸೆ ಬಿಲ್ಲೆ ಪಾಸಾತಾ?" ಎಂದು ಕೇಳಿದಾಗ ಅತ್ತೆ ಕೇಳಿಸಲಿಲ್ಲವೆಂಬಂತೆ ಒಳಗೆ ನಡೆದುಬಿಟ್ಟರು. ನನ್ನ ಅಂಕಿ ನೀರಾದದ್ದಕ್ಕಿಂತ ಅದು ಹೆಚ್ಚು ನೋಯಿತು.

ಸರ್ ಬರುವ ಹಿಂದಿನ ಸಂಜೆ, ರೊಟ್ಟಿ ಬೇಯಿಸುತ್ತಿದ್ದ ಅತ್ತೆಯ ಪಕ್ಕದಲ್ಲಿ ಹೋಗಿ ಕುಳಿತೆ.

"ಅತ್ತೆ, ನಾಳೆ ನಮ್ಮ ಸರ್ ಚನ್ನಗಿರಿಗೆ ಬರ್ತಾರೆ. ನೀವೂ ಬರಬೇಕು. ತೀರ್ಥ ತಗೊಂಡು."

ಅವರು ರೊಟ್ಟಿ ಮಗುಚಿದರು. "ನನ್ನ ಕೈಯಿಂದ ಒಂದ್ಸಲ ಕೆಟ್ಟಿದ್ದು ಸಾಕು ಬಿಡವ್ವಾ."

"ಕೆಟ್ಟಿಲ್ಲ. ಏನಾತು ಅಂತ ಗೊತ್ತಿರಲಿಲ್ಲ, ಅಷ್ಟೇ. ಈಗ ಗೊತ್ತಾಗೈತೆ. ಅದನ್ನ ತೋರಿಸಾಕೆ ಅದೇ ನೀರು, ಅದೇ ಪತ್ರೆ, ಅದೇ ಕೈ ಬೇಕು. ನಾನು ಆವತ್ತು ಬಾಯಿಗೆ ಬಂದಂಗೆ ಅಂದೆ. ಅನ್ನಬಾರದಿತ್ತು."

ಹೇಳಿಯಾಯಿತು. ಅಷ್ಟೇನೂ ಕಷ್ಟವಾಗಲಿಲ್ಲ. ಅತ್ತೆ ನನ್ನ ಮುಖ ನೋಡದೆ, "ಬಸ್ಸು ಎಷ್ಟೊತ್ತಿಗೆ?" ಎಂದರು.

ಮರುದಿನ ಅವರು ಮದುವೆಮನೆಗೆ ಉಡುವ ಸೀರೆ ಉಟ್ಟು, ತೀರ್ಥದ ಗಿಂಡಿಯ ಬಾಯಿಗೆ ಬಟ್ಟೆ ಕಟ್ಟಿ, ಚನ್ನಗಿರಿಯವರೆಗೂ ತೊಡೆಯ ಮೇಲೆ ಹಿಡಿದುಕೊಂಡೇ ಬಂದರು. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. "ಹಾಕ್ಕೊಂಡೇ ಬರ್ರಿ" ಎಂದರೂ ಕೇಳಲಿಲ್ಲ. ಸರ್ ಬರುವುದು ತಡವಾಯಿತು, ಸಂತೇಬೆನ್ನೂರಿನಲ್ಲಿ ಸಂತೆ ದಿನವಂತೆ, ಕಾರು ಸಿಕ್ಕಿಹಾಕಿಕೊಂಡಿತ್ತು. ಅಷ್ಟು ಹೊತ್ತೂ ಅತ್ತೆ ಸ್ಟೂಲಿನ ಅಂಚಿನಲ್ಲಿ ಕುಳಿತು ಕುಲುಮೆ, ಅಚ್ಚು, ಮೀಟರು ಒಂದೊಂದನ್ನೇ ನೋಡುತ್ತಿದ್ದರು. "ಇಷ್ಟೆಲ್ಲಾ ನೀನೊಬ್ಬಳೇ ಮಾಡ್ತೀಯಾ?" ಎಂದು ಒಮ್ಮೆ ಕೇಳಿದರು.

ಸರ್ ಬಂದರು. ಬೆಳ್ಳಿ ಬಳಿದು ಪೂರ್ತಿ ಒಣಗಿಸಿದ ಹೊಸ ಐದನೇ ಬಿಲ್ಲೆಯನ್ನು ಅವರ ಮುಂದೆಯೇ ಮೀಟರಿಗೆ ಸಿಕ್ಕಿಸಿದೆ. ಅಂಕಿ ಕೆಳಗೆ ಗಟ್ಟಿಯಾಗಿ ನಿಂತಿತು. ತೆಗೆದು ತಟ್ಟೆಯಲ್ಲಿಟ್ಟೆ.

"ಹಾಕ್ರಿ ಅಮ್ಮಾ" ಎಂದರು ಸರ್.

ಅತ್ತೆ ಪತ್ರೆಯನ್ನು ಅದ್ದಿ ಎತ್ತಿದರು. ಕೈ ಅಲ್ಲೇ ನಿಂತಿತು. ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ. ತುಟಿಯಲ್ಲೇ ದೇವರ ಹೆಸರು ಹೇಳುತ್ತ ಚಿಮುಕಿಸಿದರು. ನೀರು ಒಳಗೆ ಇಳಿಯಲು ಸ್ವಲ್ಪ ಬಿಟ್ಟು, ಮೇಲ್ಮೈಯನ್ನು ಒತ್ತಿ ಒರೆಸಿ, ಮತ್ತೆ ಸಿಕ್ಕಿಸಿದೆ. ಅಂಕಿ ಏರತೊಡಗಿತು. ಏರಿ ಏರಿ ಮೊದಲ ದಿನದ ಎತ್ತರದ ಹತ್ತಿರ ಹೋಗಿ ನಿಂತಿತು. ಸರ್ ಮುಂದಕ್ಕೆ ಬಾಗಿ ಮೀಟರನ್ನೇ ನೋಡುತ್ತಿದ್ದರು. ಅತ್ತೆ ಮೀಟರಿನ ಕಡೆ ತಿರುಗಲೇ ಇಲ್ಲ. ನನಗೆ ಮತ್ತೆ ಸಿಟ್ಟು ಬಂದಿದೆಯೇ ಎಂದು ನನ್ನ ಮುಖವನ್ನೇ ನೋಡುತ್ತಿದ್ದರು.

"ಒಂದು ಸಲ ಸಾಲಲ್ಲ ಅತ್ತೆ. ಇನ್ನೊಂದು ಬಿಲ್ಲೆಗೂ ಹಾಕ್ರಿ" ಎಂದೆ.

ಈ ಸಲ ಅವರ ಕೈ ನಿಲ್ಲಲಿಲ್ಲ. ಅದೂ ಏರಿತು. ಓವನ್ನಿನಲ್ಲಿ ಒಣಗಿಸಿದರೆ ಎರಡೂ ಕೆಳಗಿಳಿದು ಬಂದವು.

"ಹಂಗಾದ್ರೆ ದೇವರು ಮಾಡಿದ್ದಲ್ಲ" ಎಂದರು ಅತ್ತೆ.

"ಅಲ್ಲ ಅತ್ತೆ. ನೀರು, ಬೂದಿ."

ಅವರು ಗಿಂಡಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಹೋಗಲಿ ಬಿಡು, ಸುಳ್ಳು ಹೇಳಿಸಿಕೊಂಡು ಪಾಸಾಗೋದು ನಮ್ಮ ದೇವರಿಗೂ ಬ್ಯಾಡ" ಎಂದು ಗಿಂಡಿಯ ಬಾಯಿಗೆ ಬಟ್ಟೆ ಕಟ್ಟಿದರು.

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಪೇಪರ್ ವಾಪಸ್ ತಗೊಳ್ಳೋಣ ಮೇಡಂ. ಇದನ್ನ ಬರೀರಿ. ಬೇಗ ಬರೀರಿ" ಎಂದರು.

ಬರೆಯುತ್ತಿದ್ದೇನೆ. ಹಾರಿದ ಅಂಕಿ ಹೋಯಿತು, ಅದರ ಜಾಗದಲ್ಲಿ ಚಿಕ್ಕದೊಂದು ಅಂಕಿ ಕುಳಿತಿದೆ. ಅದನ್ನು ಯಾರು ಎಲ್ಲಿ ಅಳೆದರೂ ಅಷ್ಟೇ ಬರುತ್ತದೆ. ನೀರಿನ ಅಧ್ಯಾಯ ಅರ್ಧಕ್ಕೆ ಬಂದಿದೆ. ಅವಧಿ ಮುಗಿಯುವುದರೊಳಗೆ ಮುಗಿಯುತ್ತದೆಯೇ ಎಂದು ಸ್ಟಾಫ್ ರೂಮಿನಲ್ಲಿ ಮತ್ತೆ ಯಾರೋ ಕೇಳಿದರು. ಕೇಳಿದ್ದು ಒಳ್ಳೆಯದೇ ಆಯಿತು. ಮುಗಿಸುತ್ತೇನೆ.

ಸರ್ ಬಂದುಹೋದ ಮರುದಿನ ಬೆಳಿಗ್ಗೆ ಬಸ್ಸಿಗೆ ಹೊತ್ತಾಗಿತ್ತು. ಅಡುಗೆಮನೆ ಕಟ್ಟೆಯ ಮೇಲೆ ಬುತ್ತಿ ಡಬ್ಬಿ ಸಿದ್ಧವಾಗಿತ್ತು. ಮುಚ್ಚಳದ ಮೇಲೆ ನಾಲ್ಕೈದು ಹನಿಗಳಿದ್ದವು. ಅತ್ತೆ ಬೆನ್ನು ತಿರುಗಿಸಿ ಒಲೆಯ ಕಡೆ ನಿಂತಿದ್ದರು. ಒರೆಸದೆ ಹಾಗೇ ಚೀಲಕ್ಕೆ ಹಾಕಿಕೊಂಡು ಹೊರಟೆ.